ಕೆಂದಿ ಮೆಲುಕು ಬಿಟ್ಟ ಬೇಸಿಗೆ

ನನ್ನ ತಮ್ಮನ ಮೊಮ್ಮಗಳು ವೀಣಾ ದನದ ಡಾಕ್ಟರಿಕೆ ಓದುತ್ತಾಳೆ. ಹೋದ ತಿಂಗಳು, "ಬಾ ಅಜ್ಜಿ, ನಮ್ಮ ಕಾಲೇಜಿನ ಹಸು ತೋರಿಸ್ತೀನಿ" ಅಂತ ಹಠ ಹಿಡಿದಳು. ಹಸು ನೋಡೋಕೆ ಬೆಂಗಳೂರಿಗೆ ಹೋಗಬೇಕೇನೇ, ನಾನು ಹುಟ್ಟಿದ್ದೇ ಕೊಟ್ಟಿಗೆಯ ಮಗ್ಗುಲಲ್ಲಿ ಅಂದೆ. ಬಿಡಲಿಲ್ಲ, ಕರೆದುಕೊಂಡು ಹೋದಳು.

ಆ ಹಸುವಿನ ಎಡಪಕ್ಕೆಯಲ್ಲಿ ಅಂಗೈಯಗಲದ ಒಂದು ತೂತು. ಅದಕ್ಕೆ ರಬ್ಬರಿನ ಮುಚ್ಚಳ. ಹಸು ತನ್ನ ಪಾಡಿಗೆ ತಾನು ಮೇವು ಎಳೆಯುತ್ತಾ ನಿಂತಿತ್ತು. ಅದಕ್ಕೆ ನೋವಿಲ್ಲ ಅಜ್ಜಿ, ಎಷ್ಟೋ ವರ್ಷದಿಂದ ಹೀಗೇ ಇದೆ ಅಂದಳು ವೀಣಾ. ಮುಚ್ಚಳ ತೆಗೆದು, ಉದ್ದನೆಯ ಕೈಗವಸು ತೊಟ್ಟು, ಭುಜದವರೆಗೂ ಕೈ ಇಳಿಸಿ ಒಂದು ಹಿಡಿ ತೆಗೆದಳು. ಬೆಚ್ಚಗೆ ಹಬೆಯಾಡುವ ಹಸಿರು ಹಿಪ್ಪೆ. ವಾಸನೆ ಮೂಗಿಗೆ ಬಂತು. ಹುಳಿ ಬಂದ ಅಂಬಲಿ, ಹಸಿ ಹುಲ್ಲು, ಒಂಚೂರು ಹೆಂಡದ ಕಮಟು. ನಾನು ಅಲ್ಲೇ ಇದ್ದ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವಳು ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಸಂತೆ ಅಂದರೆ ಸಂತೆ. ಉರುಟಾಗಿರುವವು, ಉದ್ದಕ್ಕಿರುವವು, ಮೈಸುತ್ತ ಕೂದಲಿರುವವು, ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿದ್ದವು. ಇವು ದೊಡ್ಡವು, ಇನ್ನೂ ಸಣ್ಣವು ಇದರಲ್ಲೂ ಕಾಣಲ್ಲ ಅಂದಳು. "ಹುಲ್ಲಿನ ನಾರು ಅರಗಿಸೋ ಶಕ್ತಿ ಹಸುಗಿಲ್ಲ ಅಜ್ಜಿ. ಅದು ಇವನ್ನ ಸಾಕ್ತದೆ ಅಷ್ಟೆ. ಇವು ನಾರನ್ನ ಬಿಡಿಸಿ ಹುಳಿ ಮಾಡ್ತವೆ, ಆ ಹುಳೀನ ಹಸು ಹೀರ್ಕೊಳ್ತದೆ. ಆಮೇಲೆ ಇವೂ ಮುಂದಿನ ಹೊಟ್ಟೆಗೆ ಜಾರಿ ಹೋಗ್ತವಲ್ಲ, ಆಗ ಇವನ್ನೂ ಅರಗಿಸ್ಕೊಳ್ತದೆ." ಸಾಕಿದವನ್ನೇ ತಿನ್ನೋದಾ ಅಂತ ಕೇಳಿದೆ. "ನೀವು ಕೋಳಿ ಸಾಕಿ ಏನ್ ಮಾಡ್ತಿದ್ರಿ?" ಅಂದಳು. ಬಾಯಿ ಜೋರು ಅವಳದು.

ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಹುಲ್ಲು ತಿಂದುಕೊಂಡಿದ್ದ ಹಸುವಿಗೆ ಒಂದೇ ದಿನ ಕುಕ್ಕೆ ತುಂಬ ಅನ್ನ ಹಾಕಿದರೆ ಏನಾಗುತ್ತೆ? ವೀಣಾ ನನ್ನ ಮುಖ ನೋಡಿದಳು. "ಅನ್ನ ಕಂಡ್ರೆ ಬೇರೆ ಜಾತಿಯವು ಒಂದಕ್ಕೆ ನೂರಾಗಿ ಬೆಳೀತವೆ. ಹುಳಿ ಮಿತಿಮೀರ್ತದೆ. ನಾರು ಬಿಡಿಸೋವೆಲ್ಲ ಆ ಹುಳೀಲಿ ಸತ್ತೋಗ್ತವೆ. ಆಮೇಲೆ ಹಸೂನೂ ಸಾಯ್ತದೆ. ಯಾಕಜ್ಜಿ?"

ಸುಮ್ಮನೆ ಕೇಳಿದೆ ಅಂದೆ. ಸುಮ್ಮನೆ ಕೇಳಿದ್ದಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ನನಗೆ ಹತ್ತೊಂಬತ್ತು. ದೊಡ್ಡಬೆಳವಂಗಲದಿಂದ ಒಂದೂವರೆ ಮೈಲಿ ಒಳಕ್ಕಿದ್ದ ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಮನೆಯಲ್ಲಿ ಅತ್ತೆ ಹನುಮಕ್ಕ, ನಮ್ಮ ಮನೆಯವರು, ನಾನು, ನಾಲ್ಕು ತಿಂಗಳ ಹೆಣ್ಣುಕೂಸು. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಕೆಂಚು ಬಣ್ಣದ ಒಂದು ಕರೆಯುವ ಹಸು. ಕೆಂದಿ ಅಂತ ಅದರ ಹೆಸರು.

ನಮ್ಮ ಮನೆಯವರ ಹೆಸರು ಮರಿಯಪ್ಪ. ಬದುಕಿದ್ದಾಗ ಒಂದು ದಿನವೂ ಆ ಹೆಸರು ಹೇಳಿದವಳಲ್ಲ ನಾನು, ಈಗ ಬರೆಯುವುದಕ್ಕೂ ಕೈ ತಡೆಯುತ್ತದೆ. ಮಾತು ಕಮ್ಮಿ. ಹೆಂಡತಿಯ ಹತ್ತಿರ ಆಡದ ಮಾತನ್ನೆಲ್ಲ ಹಸುವಿನ ಹತ್ತಿರ ಆಡುತ್ತಾರೆ ಅಂತ ನಾನು ಛೇಡಿಸುತ್ತಿದ್ದೆ. ಸಾಯಂಕಾಲ ಹೊಲದಿಂದ ಬಂದವರು ಮೊದಲು ಕೈಕಾಲು ತೊಳೆಯುತ್ತಿರಲಿಲ್ಲ, ಕೆಂದಿಯ ಎಡಪಕ್ಕೆಗೆ ಕಿವಿ ಇಡುತ್ತಿದ್ದರು. ಒಳಗೆ ದೂರದ ಗುಡುಗಿನ ಥರ ಸದ್ದು. ನೂರು ಎಣಿಸುವುದರೊಳಗೆ ಎರಡು ಸಲ ಗುಡುಗಿದರೆ ಹಸು ಸುಖವಾಗಿದೆ ಅಂತ ಲೆಕ್ಕ. ನನ್ನನ್ನೂ ಕರೆದು ಕೇಳಿಸಿದ್ದರು. "ಗಿರಣಿ ಓಡ್ತೈತೆ ನೋಡು" ಅಂದಿದ್ದರು.

ಆ ಬೇಸಿಗೆಯಲ್ಲಿ ಮೇವು ಅಂದರೆ ರಾಗಿಹುಲ್ಲು ಒಂದೇ. ಬಣವೆಯಿಂದ ಹಿರಿದ ಹುಲ್ಲು ಪೊರಕೆಕಡ್ಡಿಯಷ್ಟು ಒರಟು, ಕೈಯಲ್ಲಿ ಹಿಡಿದರೆ ಚುಚ್ಚುತ್ತಿತ್ತು. ಅದನ್ನು ತಿಂದು ಕೆಂದಿ ಹೊತ್ತಿಗೆ ಒಂದು ಚೊಂಬು ಹಾಲು ಕೊಡುತ್ತಿತ್ತು. ಒಣಕಡ್ಡಿಯಲ್ಲಿ ಹಾಲೆಲ್ಲಿದೆ ಅಂತ ನಾನೊಂದು ದಿನ ಕೇಳಿದ್ದೆ. "ನಿಧಾನದಾಗೈತೆ. ಅದು ನುಂಗ್ತದೆ, ನೆನೆಸ್ತದೆ, ಮತ್ತೆ ಬಾಯಿಗೆ ತಂದ್ಕಂಡು ಅಗೀತದೆ. ಅವಸರ ಮಾಡಿದ್ರೆ ಇಲ್ಲ" ಅಂದಿದ್ದರು. ಇನ್ನೊಂದು ದಿನ ನಾನು ಮಿಕ್ಕಿದ ಅನ್ನವನ್ನು ಕೆಂದಿಯ ಮುಂದೆ ಸುರಿಯಲು ಹೋದಾಗ ಕೈ ಹಿಡಿದುಕೊಂಡರು. "ಒಂದು ಹಿಡಿ ಹಾಕು, ಎರಡು ಹಾಕು. ಅದರ ಮೇಲೆ ಬ್ಯಾಡ. ಹುಲ್ಲು ತಿನ್ನೋ ಹೊಟ್ಟೇಗೆ ಒಂದೇ ಸಲ ಅನ್ನ ಬಿದ್ರೆ ಕೆಟ್ಟೋಗ್ತದೆ." ಅಷ್ಟು ಉದ್ದದ ಮಾತು ನನ್ನ ಹತ್ತಿರ ಆಡಿದ್ದೇ ಕಮ್ಮಿ, ಅದಕ್ಕೇ ನೆನಪಿತ್ತು.

ಯುಗಾದಿ ಆಗಿ ಹದಿನೈದು ದಿನಕ್ಕೆ ಅವರಿಗೆ ಚಳಿಜ್ವರ ಹಿಡಿಯಿತು. ಕ್ವಿನೈನು ಎಲ್ಲಿ ಹುಡುಕಿದರೂ ಸಿಗದ ಕಾಲ. ನಾಟಿ ಕಷಾಯ ಕುಡಿಸಿದೆವು. ಕೊನೆಯ ಮೂರು ದಿನ ಜ್ವರ ಬಿಟ್ಟಂತಾಗಿ ಹಸಿವು ಅಂದರು. ಬಿಸಿ ಅನ್ನ ಕೊಡವ್ವ ಅಂತ ತಾಯಿಯನ್ನು ಕೇಳಿದರು. ಮನೆಯಲ್ಲಿ ಅಕ್ಕಿ ಇರಲಿಲ್ಲ. ರೇಷನ್ ಕಾರ್ಡಿಗೆ ಕೊಡುತ್ತಿದ್ದ ಅಕ್ಕಿ ಆ ತಿಂಗಳು ಬಂದಿರಲಿಲ್ಲ. ಇದ್ದಿದ್ದರೂ ಜ್ವರದವರಿಗೆ ಅನ್ನ ಆಗದು, ಗಂಜಿಯೇ ಸರಿ ಅಂತ ಹಿರಿಯರು ಹೇಳಿದ್ದರು. ಅತ್ತೆ ರಾಗಿಗಂಜಿ ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ಹೋಗಿಬಿಟ್ಟರು.

ನಾನು ಅಳಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೀಗ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಅಳು ಬರಲಿಲ್ಲ, ಅಷ್ಟೆ. ಕಲ್ಲು ಕಣವ್ವ ಇವಳು ಅಂತ ಹೆಂಗಸರು ಆಡಿಕೊಂಡರು. ಬಳೆ ಒಡೆದಾಗ ಮುಂಗೈ ಗೀರಿ ರಕ್ತ ಬಂತು, ಉರಿ ಗೊತ್ತಾಗಲಿಲ್ಲ. ಎರಡು ದಿನದಲ್ಲಿ ನನ್ನ ಎದೆಹಾಲೂ ನಿಂತುಹೋಯಿತು. ಕೂಸು ಚೀಪಿ ಚೀಪಿ ಅರಚುತ್ತಿತ್ತು. ಅದರ ಅಳು ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳಿಸುತ್ತಿತ್ತು. ಅತ್ತೆಯೇ ಕೆಂದಿಯ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಬಟ್ಟೆಯ ಬತ್ತಿ ಅದ್ದಿ ಕುಡಿಸಿದರು. ಕೂಸು ಅದಕ್ಕೆ ಒಗ್ಗಿಕೊಂಡಿತು. ಅಂದರೆ ಆ ಮನೆಯಲ್ಲಿ ನನ್ನ ಮಗಳನ್ನು ಬದುಕಿಸಿಕೊಂಡಿದ್ದವಳು ನಾನಲ್ಲ, ಕೆಂದಿ.

ಹನ್ನೊಂದನೆಯ ದಿನ ಗುರುವಾರ ತಿಥಿ. ಬದುಕಿದ್ದಾಗ ಸಿಗದ ಅಕ್ಕಿ ಅವತ್ತು ಎಲ್ಲಿಂದಲೋ ಬಂತು. ನಂದಗುಡಿ ಕಡೆಯಿಂದ ಬಂದ ನಮ್ಮಪ್ಪ ಎರಡು ಸೇರು ತಂದರು, ನೆಂಟರು ಒಬ್ಬೊಬ್ಬರೂ ಸೆರಗಿನಲ್ಲಿ, ಟವಲಿನಲ್ಲಿ ಕಟ್ಟಿಕೊಂಡು ತಂದರು. ಅನ್ನ, ಬೆಲ್ಲದ ಪಾಯಸ, ವಡೆ, ಅವರು ಇಷ್ಟಪಡುತ್ತಿದ್ದ ಹುರುಳಿ ಸಾರು. ಬಾಳೆಲೆಯಲ್ಲಿ ಎಡೆ ಬಡಿಸಿ ಹಿತ್ತಲ ಗೋಡೆಯ ಮೇಲಿಟ್ಟು ಕಾಗೆಗೆ ಕಾದೆವು. ಕಾಗೆ ಬಂದು ಬಾಯಿಟ್ಟರೆ ಸತ್ತವರಿಗೆ ತೃಪ್ತಿ. ಅದಾಗುವವರೆಗೆ ಯಾರೂ ಉಣ್ಣುವ ಹಾಗಿಲ್ಲ.

ಕಾಗೆಗಳು ಬಂದವು. ಹುಣಸೆಮರದ ಮೇಲೆ ಕೂತವು. ಎಡೆ ಮುಟ್ಟಲಿಲ್ಲ.

ಹೊತ್ತು ನೆತ್ತಿಗೇರಿತು. ನಿನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತ ನಮ್ಮಪ್ಪ ಕಾಗೆಗೆ ಕೈ ಮುಗಿದು ಹೇಳಿದರು. ಎತ್ತು ಮಾರೋದಿಲ್ಲ ಕಣಪ್ಪ ಅಂತ ಇನ್ಯಾರೋ ಹೇಳಿದರು. ಕಾಗೆ ಅಲುಗಲಿಲ್ಲ. "ಏನೋ ಆಸೆ ಉಳ್ಕಂಡೈತೆ" ಅಂದರು ಒಬ್ಬರು. ಅತ್ತೆ ಅನ್ನದ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಆ ಆಸೆ ಏನು ಅಂತ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಆಗ ಊರಿನ ಹಿರಿಯರೊಬ್ಬರು, ಅವನು ಸಾಕಿದ ಹಸುವಿಗೆ ಕೊಡಿ, ಕಾಗೆ ಮುಟ್ಟದಿದ್ದರೆ ಹಸು ಬಾಯಲ್ಲಿ ಉಣ್ಣುತ್ತಾನೆ ಅಂದರು. ಎಡೆಯನ್ನು ಕೆಂದಿಯ ಮುಂದೆ ಹಿಡಿದರು. ತಿಂಗಳುಗಟ್ಟಲೆ ರಾಗಿಹುಲ್ಲು ಅಗಿದ ಹಸು, ಬಿಸಿ ಅನ್ನ ಬೆಲ್ಲ ಬಿಟ್ಟೀತೇ? ಎರಡು ಸಲ ನಾಲಿಗೆ ಚಾಚಿ ಎಲೆಯ ಸಮೇತ ಎಳೆದುಕೊಂಡಿತು. ಅಲ್ಲಿದ್ದವರೆಲ್ಲ ನಿಟ್ಟುಸಿರು ಬಿಟ್ಟರು. "ಉಂಡ ಕಣವ್ವ, ಉಂಡ" ಅಂತ ಹೆಂಗಸರು ಅಳತೊಡಗಿದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಂದು ಹಿಡಿ ಅನ್ನ ತೆಗೆದುಕೊಂಡು, "ಉಣ್ಣಪ್ಪ ಮರಿಯಪ್ಪ, ಹೊಟ್ಟೆ ತುಂಬ ಉಣ್ಣು" ಅಂತ ಕೆಂದಿಯ ಬಾಯಿಗಿಟ್ಟರು. ನೆಂಟರು ಮುಗಿದ ಮೇಲೆ ಓಣಿಯವರು, ಓಣಿಯವರಾದ ಮೇಲೆ ಹೊಲದಲ್ಲಿ ಜೊತೆಗೆ ದುಡಿಯುತ್ತಿದ್ದವರು. ಕೊಡದೆ ಹೋದರೆ ಕೊರಗು ಉಳಿಯುತ್ತಲ್ಲ. ಅನ್ನದ ಕುಕ್ಕೆಯನ್ನೇ ತಂದು ಪಕ್ಕದಲ್ಲಿಟ್ಟರು. ಅತಿಯಾದರೆ ಅಮೃತವೂ ವಿಷ ಅಂತ ಬೇರೆ ದಿನ ಹೇಳುವ ಬಾಯಿಗಳೇ ಅವೆಲ್ಲ.

ನಾನು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದೆ, ಕೆಂದಿಗೂ ನನಗೂ ಎರಡು ಮಾರು. ಎಲ್ಲ ಕಾಣುತ್ತಿತ್ತು. ಒಂದು ಹಿಡಿ, ಎರಡು ಹಿಡಿ, ಅದರ ಮೇಲೆ ಬೇಡ ಅಂದಿದ್ದ ಮಾತು ಚೆನ್ನಾಗಿ ನೆನಪಿತ್ತು. ಬೇಡ ಅನ್ನಬೇಕು ಅಂತ ಗೊತ್ತಿತ್ತು. ಆದರೆ ಅನ್ನುವುದಕ್ಕೆ ಬಾಯಿ ತೆರೆಯಬೇಕು, ಬಾಯಿ ತೆರೆಯುವುದಕ್ಕೆ ಏನೋ ಒಂದು ಬೇಕಲ್ಲ, ಅದು ನನ್ನೊಳಗೆ ಇರಲಿಲ್ಲ. ನೋಡುತ್ತಾ ಕೂತೆ. ಕುಕ್ಕೆ ಬರಿದಾಯಿತು.

ಅವತ್ತು ಸಾಯಂಕಾಲ ಕೆಂದಿ ಹುಲ್ಲು ಮೂಸಲಿಲ್ಲ. ಶುಕ್ರವಾರ ಬೆಳಿಗ್ಗೆ ನೋಡಿದರೆ ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು, ನಿಂತರೆ ಕುಡಿದವರ ಹಾಗೆ ತೂರಾಡುತ್ತಿತ್ತು. ಸಗಣಿ ನೀರಾಗಿತ್ತು, ಹುಳಿವಾಸನೆ ಅಂತ ಅತ್ತೆ ಮೂಗಿಗೆ ಸೆರಗು ಹಿಡಿದರು. ಕೆಚ್ಚಲು ಜೋತುಬಿದ್ದಿತ್ತು. ಅತ್ತೆ ಹಿಂಡಿ ಹಿಂಡಿ ಮಗುವಿಗೆ ಔಷಧಿ ಕುಡಿಸುವ ಒಂದು ಒಳಲೆಯಷ್ಟು ಹಾಲು ತೆಗೆದರು, ಅದೂ ನೀರುನೀರು. ನಾನು ಎಡಪಕ್ಕೆಗೆ ಕಿವಿ ಇಟ್ಟು ನೂರು ಎಣಿಸಿದೆ. ಇನ್ನೊಂದು ನೂರು ಎಣಿಸಿದೆ. ಒಳಗೆ ಏನೂ ಇರಲಿಲ್ಲ.

ಅವತ್ತು ನಮ್ಮ ಊರಿಗೆ ಕುರಿ ನೋಡಲು ದಸ್ತಗೀರ್ ಸಾಬರು ಬಂದಿದ್ದರು. ದೊಡ್ಡಬೆಳವಂಗಲದಲ್ಲಿ ಕುರಿ ಕಡಿಯುವ ಮನೆತನ ಅವರದು. ವಯಸ್ಸಾದವರು, ಗಡ್ಡ ಬೆಳ್ಳಗಾಗಿತ್ತು. ನಮ್ಮ ಮನೆಯವರಿಗೂ ಅವರಿಗೂ ದನಕುರಿಯ ಮಾತುಕತೆ ಬಹಳ ನಡೆಯುತ್ತಿತ್ತು. ದುಃಖ ವಿಚಾರಿಸಲು ಬಂದವರು ಕೊಟ್ಟಿಗೆ ನೋಡಿ ಒಳಗೆ ಬಂದರು. ಪಕ್ಕೆಗೆ ಮುಷ್ಟಿ ಒತ್ತಿದರು. ಒಳಗೆ ಕೊಡದಲ್ಲಿ ನೀರು ಅಲ್ಲಾಡಿದ ಸದ್ದು ಬಂತು.

"ಏನ್ ಹಾಕಿದ್ರಿ ಅಮ್ಮಾ ಇದಕ್ಕೆ?"

ಅನ್ನ ಅಂದೆ ನಾನು. ಎಷ್ಟು ಅಂದರು. ಕುಕ್ಕೆ ತೋರಿಸಿದೆ. ಸಾಬರು ಕುಕ್ಕೆಯನ್ನು ನೋಡಿ, ನಮ್ಮಿಬ್ಬರನ್ನೂ ನೋಡಿ, ಬೈಯಲಿಲ್ಲ.

"ನಾನು ದಿನಾ ಹೊಟ್ಟೆ ಕುಯ್ಯೋನು. ಸುಖವಾಗಿದ್ದ ಕುರಿ ಹೊಟ್ಟೆ ಬಿಚ್ಚಿದ್ರೆ ಒಳಗಡೆ ಬಿಸಿ ಇರ್ತದೆ, ನೊರೆ ಇರ್ತದೆ, ಬದುಕಿರ್ತದೆ. ಕಾಳು ಕದ್ದು ತಿಂದು ಸತ್ತಿದ್ದು ಬಿಚ್ಚಿದ್ರೆ ಬರೀ ಹುಳಿನೀರು. ಒಳಗಿಂದು ಸತ್ತಿರ್ತದೆ." ಆಮೇಲೆ ನನ್ನ ಕಡೆ ತಿರುಗಿದರು. "ಮನೇಲಿ ಮೊಸರಿನ ಹೆಪ್ಪು ಕೆಟ್ಟೋದ್ರೆ ಏನ್ ಮಾಡ್ತೀಯ ಬೇಟಿ?"

"ಪಕ್ಕದ ಮನೇಲಿ ಇಸ್ಕೊಂಡು ಬತ್ತೀನಿ."

"ಇದಕ್ಕೂ ಅಷ್ಟೇ. ಹೆಪ್ಪು ಸತ್ತೈತೆ. ಬೇರೆ ಹೊಟ್ಟೆಯಿಂದ ತರಬೇಕು. ಮೆಲುಕು ಹಾಕ್ತಿರೋ ಹಸು ಬಾಯಿಂದ ಉಂಡೆ ತೆಗೆದು ಇದರ ಬಾಯಿಗೆ ಹಾಕಿದ್ರೂ ಆಯ್ತದೆ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನಾನು ಎರಡು ಕುರಿ ಕಡೀತೀನಿ, ಹೊಟ್ಟೆ ರಸ ಬಿಸಿಬಿಸಿ ಹಿಂಡಿ ಕೊಡ್ತೀನಿ. ಅದಕ್ಕೆ ಮುಂಚೆ ಅಡಿಗೆ ಸೋಡ ಕದಡಿ ಕುಡಿಸಿ ಹುಳಿ ಮುರೀಬೇಕು. ಹುಳೀಲಿ ಹುಯ್ದರೆ ಹೊಸದೂ ಸಾಯ್ತದೆ."

ಅತ್ತೆ ಆಗ ಬಾಯಿ ಬಿಟ್ಟರು. "ನೆನ್ನೆ ತಾನೆ ನನ್ನ ಮಗ ಇದರ ಬಾಯಾಗೆ ಉಂಡವ್ನೆ. ಆ ಹೊಟ್ಟೆಗೆ ಕಡಿದ ಕುರಿ ಹೊಟ್ಟೇದು ಹುಯ್ಯೋದಾ? ನಾನು ಬದುಕಿರೋಗಂಟ ಆಗಾಕಿಲ್ಲ ಸಾಬರೇ."

ಸಾಬರು ವಾದ ಮಾಡಲಿಲ್ಲ. "ಮಗೀಗೆ ಏನ್ ಕುಡಿಸ್ತೀರಮ್ಮಾ?" ಅಂತ ಮಾತ್ರ ಕೇಳಿ, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟರು.

ಕೂಸಿಗೆ ಅವತ್ತು ಯಾರದೋ ಮನೆಯ ಮೇಕೆ ಹಾಲು ತಂದು ಕುಡಿಸಿದೆವು. ಕುಡಿದಷ್ಟನ್ನೂ ಕಕ್ಕಿತು. ರಾಗಿಹಾಲು ಹಿಂಡಿ ಕೊಟ್ಟೆವು, ಭೇದಿ ಹತ್ತಿತು. ಊರಿನಲ್ಲಿ ಕರೆಯುವ ಹಸು ಆ ಬೇಸಿಗೆಯಲ್ಲಿ ಮತ್ತೊಂದು ಇರಲಿಲ್ಲ.

ನಮ್ಮ ಎತ್ತುಗಳು ತಿಥಿಗೆ ಬಂದ ನೆಂಟರನ್ನು ಬಿಡಲು ಗಾಡಿಯ ಜೊತೆ ಹೋಗಿದ್ದವು, ಇನ್ನೂ ತಿರುಗಿ ಬಂದಿರಲಿಲ್ಲ. ಪಕ್ಕದ ಮನೆ ಗಂಗಮ್ಮನಿಗೆ ಒಂದು ಹಸು ಇತ್ತು, ಗಬ್ಬದ್ದು, ಹಾಲು ಬತ್ತಿತ್ತು. ಆದರೆ ನೆರಳಲ್ಲಿ ಮಲಗಿ ಸೊಗಸಾಗಿ ಮೆಲುಕು ಹಾಕುತ್ತಿದ್ದುದು ನಮ್ಮ ಹಿತ್ತಲಿಗೇ ಕಾಣುತ್ತಿತ್ತು. ಗಂಡ ಸತ್ತವಳು ತಿಂಗಳಾಗುವವರೆಗೆ ಇನ್ನೊಬ್ಬರ ಹೊಸ್ತಿಲು ತುಳಿಯಬಾರದು. ನಾನು ಹೋಗಿ ಅವರ ಅಂಗಳದಲ್ಲಿ ನಿಂತೆ. ನಾಚಿಕೆ, ಅಳುಕು ಇವೆಲ್ಲ ಇದ್ದಿದ್ದರೆ ಹೋಗುತ್ತಿರಲಿಲ್ಲ. ಅವೂ ಹೋಗಿಬಿಟ್ಟಿದ್ದವು.

"ಶುಕ್ರವಾರ ಮೊಸರಿನ ಹೆಪ್ಪೇ ಕೊಡಾಕಿಲ್ಲ ನಾವು" ಅಂದಳು ಗಂಗಮ್ಮ. "ಇನ್ನು ಗಬ್ಬದ ಹಸು ಬಾಯಿಂದ ಮೆಲುಕು ಕಿತ್ಕೊಡು ಅಂತೀಯಲ್ಲ ತಾಯಿ. ಅದಕ್ಕೇನಾದ್ರೂ ಆದ್ರೆ? ನೀನಾದ್ರೂ ಕೊಡ್ತಿದ್ದಾ, ಹೇಳು."

ನಾನು ಯೋಚನೆ ಮಾಡಿದೆ. ಕೊಡುತ್ತಿರಲಿಲ್ಲ ಅಂದೆ. ಗಂಗಮ್ಮ ಅಳುವುದಕ್ಕೆ ಶುರುಮಾಡಿದಳು. ನಾನು ವಾಪಸು ಬಂದೆ. ಅವಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಶನಿವಾರ ಬೆಳಕು ಹರಿದಾಗ ಕೆಂದಿ ಏಳಲಿಲ್ಲ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿತ್ತು. ಒಳಗೆ ಕೂಸು ಅಳುತ್ತಿರಲಿಲ್ಲ. ಅಳು ನಿಲ್ಲಿಸಿತ್ತು. ನೆತ್ತಿ ಗುಳಿಬಿದ್ದಿತ್ತು, ಅತ್ತೆಯ ತೊಡೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಮಲಗಿತ್ತು. ನಾನು ಅದನ್ನು ನೋಡಿದೆ, ಹಸುವನ್ನು ನೋಡಿದೆ. ಅಳು ಆಗಲೂ ಬರಲಿಲ್ಲ. ಆದರೆ ಇವೆರಡೂ ಹೋದರೆ ನಾನು ಗೋಡೆಗೆ ಒರಗಿ ಕೂತು ನೋಡಿದ್ದಕ್ಕೇ ಹೋದಂತೆ, ಅನ್ನುವುದು ಎರಡೂ ಎರಡೂ ನಾಲ್ಕು ಅನ್ನುವಷ್ಟು ಸಪ್ಪೆಯಾಗಿ ಗೊತ್ತಾಯಿತು. ಹಿತ್ತಾಳೆಯ ಬಿಂದಿಗೆ ತೆಗೆದುಕೊಂಡೆ, ಹಳೆಯ ಕಂಬಳಿಯ ಒಂದು ತುಂಡು ತೆಗೆದುಕೊಂಡೆ, ಹೊರಟೆ.

ಒಂದೂವರೆ ಮೈಲಿ. ದಾರಿಯಲ್ಲಿ ಹೊಲಕ್ಕೆ ಹೊರಟ ಗಂಡಸರು ನನ್ನ ಬರಿ ಹಣೆ ನೋಡಿ ನಿಂತುಬಿಟ್ಟರು, ಒಬ್ಬ ಗಾಡಿ ತಿರುಗಿಸಿಕೊಂಡು ವಾಪಸು ಹೋದ. ದಸ್ತಗೀರ್ ಸಾಬರ ಮನೆಯ ಹಿಂದೆ ಹೊಂಗೆಮರದ ಕೆಳಗೆ ಆಗ ತಾನೆ ಕೆಲಸ ಮುಗಿದಿತ್ತು. ನನ್ನ ಬಿಂದಿಗೆ ಕಂಡು ಅವರು ಮತ್ತೆ ಕೆಳಗೆ ಕುಕ್ಕರಿಸಿದರು. ದೊಡ್ಡ ಹೊಟ್ಟೆಯನ್ನು ಕುಯ್ದು, ಒಳಗಿನ ಹಸಿರು ಹಿಪ್ಪೆಯನ್ನು ಬಟ್ಟೆಗೆ ಹಾಕಿ, ಎರಡೂ ಕೈಯಲ್ಲಿ ತಿರುಚಿ ಹಿಂಡಿದರು. ಹಬೆ ಎದ್ದಿತು. ಹುಳಿ ಬಂದ ಅಂಬಲಿ, ಹಸಿ ಹುಲ್ಲು, ಒಂಚೂರು ಹೆಂಡ. ನಾನು ಬಾಗಿ ಬಿಂದಿಗೆ ಹಿಡಿದಿದ್ದರಿಂದ ಅದರ ಹಬೆಯೆಲ್ಲ ನನ್ನ ಮುಖಕ್ಕೇ ಬಂತು. ಹನ್ನೆರಡು ದಿನದಲ್ಲಿ ನನ್ನ ಮೂಗಿಗೆ ಗೊತ್ತಾದ ಮೊದಲ ವಾಸನೆ ಅದು.

"ತಣ್ಣಗಾಗಬಾರದು. ತಣ್ಣಗಾದ್ರೆ ನೀರಿಗೆ ಸಮ" ಅಂದರು ಸಾಬರು. ಅವರ ಹೆಂಡತಿ ಒಳಗಿಂದ ಒಂದು ಪೊಟ್ಟಣ ಸೋಡ ತಂದು ನನ್ನ ಸೆರಗಿಗೆ ಕಟ್ಟಿದರು. ನಾನು ಬಿಂದಿಗೆಗೆ ಕಂಬಳಿ ಸುತ್ತಿ, ಸೊಂಟಕ್ಕಿಡದೆ ಹೊಟ್ಟೆಗೆ ಅವುಚಿಕೊಂಡು ನಡೆದೆ. ಬಸುರಿಯಾಗಿದ್ದಾಗ ಹೊತ್ತಷ್ಟೇ ಭಾರ ಇತ್ತು. ದಾರಿಯುದ್ದಕ್ಕೂ ಹೊಟ್ಟೆಗೆ ಬಿಸಿ ತಗಲುತ್ತಿತ್ತು.

ಮನೆ ತಲುಪಿದಾಗ ಅತ್ತೆ ಕೂಸನ್ನು ಎತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು. ಬಿಂದಿಗೆ ನೋಡಿದರು. ವಾಸನೆ ಅವರಿಗೂ ತಾಕಿರಬೇಕು. ತಡೆಯುತ್ತಾರೆ ಅಂದುಕೊಂಡೆ. ತಡೆದರೆ ಏನು ಮಾಡಬೇಕು ಅಂತಲೂ ಯೋಚಿಸಿರಲಿಲ್ಲ. ಅವರು ಕೂಸನ್ನು ಹುಲ್ಲಿನ ಮೇಲೆ ಮಲಗಿಸಿದರು, ತೊಲೆಗೆ ಸಿಕ್ಕಿಸಿದ್ದ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತೆಗೆದರು, ಕೆಂದಿಯ ಹತ್ತಿರ ಕೂತು ಅದರ ಮೂತಿ ಎತ್ತಿ ಹಿಡಿದರು. "ಮೊದಲು ಸೋಡ ಅಂದಿದ್ರಲ್ಲ" ಅಂದರು.

ಮೊದಲು ಸೋಡ ಕದಡಿದ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕೆಂದಿ ಉದ್ದಕ್ಕೆ ತೇಗಿತು, ಕೆಟ್ಟ ಹುಳಿಗಾಳಿ. ಆಮೇಲೆ ಗೊಟ್ಟ ಗೊಟ್ಟವಾಗಿ ಹಸಿರು ರಸ ಹುಯ್ದೆವು. ಅತ್ತೆ ಗಂಟಲು ಸವರುತ್ತಿದ್ದರು, ನಾನು ಹುಯ್ಯುತ್ತಿದ್ದೆ. ಇಬ್ಬರ ಸೀರೆಯೂ ಹಸಿರಾಯಿತು. ಬಿಂದಿಗೆ ಮುಗಿದ ಮೇಲೆ ಒಂದು ಹಿಡಿ ರಾಗಿಹುಲ್ಲನ್ನು ನುಣ್ಣಗೆ ಕತ್ತರಿಸಿ ಮುಂದಿಟ್ಟು ಕೂತೆವು. ಕೆಂದಿ ಅದನ್ನು ನೋಡಲಿಲ್ಲ.

ಆ ದಿನ ಹಾಗೇ ಹೋಯಿತು. ಕೂಸಿನ ಬಾಯಿಗೆ ಬೆಲ್ಲ ಉಪ್ಪು ಕಲಸಿದ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆವು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ ಇನ್ನೊಂದು ಬಿಂದಿಗೆ ತಂದೆ. ಆ ಸಲ ಯಾರೂ ಗಾಡಿ ತಿರುಗಿಸಲಿಲ್ಲ, ನೋಡಿ ಅಭ್ಯಾಸವಾಗಿತ್ತೇನೋ. ಭಾನುವಾರ ಮಧ್ಯಾಹ್ನ ಕೆಂದಿ ತಾನಾಗಿ ಎದ್ದು ನಿಂತಿತು. ಪಕ್ಕೆಗೆ ಕಿವಿ ಇಟ್ಟೆ. ಎಂಬತ್ತರವರೆಗೆ ಏನೂ ಇಲ್ಲ. ಎಂಬತ್ತು ದಾಟಿದ ಮೇಲೆ, ಬಹಳ ಆಳದಲ್ಲಿ, ಒಂದು ಸಲ ಗುಡುಗಿತು. ನಾನು ಕಿವಿ ತೆಗೆಯಲಿಲ್ಲ. ಇನ್ನೊಂದು ಬರುವವರೆಗೆ ಹಾಗೇ ನಿಂತಿದ್ದೆ.

ಸೋಮವಾರ ಬಿಸಿಲೇರಿದ ಮೇಲೆ ಕೆಂದಿ ಒಂದಿಷ್ಟು ಹುಲ್ಲು ತಿಂದು ಮಲಗಿತು. ಸ್ವಲ್ಪ ಹೊತ್ತಾದ ಮೇಲೆ ಅದರ ಕತ್ತಿನಲ್ಲಿ ಒಂದು ಉಂಡೆ ಕೆಳಗಿಂದ ಮೇಲಕ್ಕೆ ಬಂದದ್ದು ಕಣ್ಣಿಗೆ ಕಾಣಿಸಿತು. ದವಡೆ ಒಂದು ಕಡೆಗೆ ಜರುಗಿತು, ನಿಂತಿತು, ಮತ್ತೆ ಜರುಗಿತು. ಅವತ್ತು ಸಾಯಂಕಾಲ ಕಾಲು ಚೊಂಬು ಹಾಲು ಬಂತು. ಕೂಸು ಬತ್ತಿಯನ್ನು ಕಚ್ಚಿ ಹಿಡಿದು ಕುಡಿಯಿತು, ಕಕ್ಕಲಿಲ್ಲ. ಕುಡಿದಾದ ಮೇಲೆ ಜೋರಾಗಿ ಅತ್ತಿತು. ಸಾಲದು, ಇನ್ನೂ ಬೇಕು ಅಂತ. ಅದು ನನ್ನ ಮಗುವಿನ ಅಳು ಅಂತ ಅವತ್ತು ಕೇಳಿಸಿತು.

ಕೂಸು ಮಲಗಿದ ಮೇಲೆ, ಇನ್ನೂ ಬೆಳಕಿರುವಾಗಲೇ, ನಾನು ಅತ್ತೆಗೆ ಹೇಳಿದೆ. ಹೇಳದೆ ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಅತ್ತೆ, ಅವತ್ತು ನಾನು ನೋಡ್ತಾನೇ ಕೂತಿದ್ದೆ. ಅನ್ನ ಹೆಚ್ಚಾದ್ರೆ ಹಸು ಕೆಡ್ತದೆ ಅಂತ ನಿಮ್ಮ ಮಗ ನಂಗೆ ಹೇಳಿದ್ರು. ನಂಗೆ ಗೊತ್ತಿತ್ತು. ಬ್ಯಾಡ ಅನ್ನಲಿಲ್ಲ."

ಅತ್ತೆ ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದರು. ಕೋಲು ನಿಲ್ಲಿಸಲಿಲ್ಲ.

"ಅವನಿಗೆ ಅದನ್ನ ಹೇಳ್ಕೊಟ್ಟೋಳು ನಾನೇ ಕಣವ್ವ" ಅಂದರು. "ನಲವತ್ತು ವರ್ಷ ದನ ಕಟ್ಟಿವ್ನಿ. ನಂಗೆ ಗೊತ್ತಿರಾಕಿಲ್ವಾ? ಹತ್ತು ಹಿಡಿ ಆದಾಗ್ಲೇ ಗೊತ್ತಾಯ್ತು, ಇದು ಉಳಿಯಾಕಿಲ್ಲ ಅಂತ. ಹಸೂನೂ ಉಳಿಯಾಕಿಲ್ಲ, ಮಗೂನೂ ಉಳಿಯಾಕಿಲ್ಲ ಅಂತ." ಕೋಲನ್ನು ಮಡಕೆಯಲ್ಲಿ ಇನ್ನೊಂದು ಸುತ್ತು ತಿರುಗಿಸಿದರು. "ಅನ್ನ ಕೊಡವ್ವ ಅಂತ ಮೂರು ದಿನ ಕೇಳ್ದ. ನಾನು ಗಂಜಿ ಕೊಟ್ಟೆ. ಅವತ್ತು ತಿಂತಿದ್ದ. ನನ್ನ ಕಣ್ಣೆದುರಿಗೆ ತಿಂತಿದ್ದ. ಸಾಕು ಅಂತ ಯಾವ ಬಾಯಾಗೆ ಅನ್ನಲಿ?"

ಅತ್ತೆ ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟರು. ಉಂಡೆ. ಖಾಲಿಯಾಗುವ ಮೊದಲೇ ಇನ್ನೊಂದು ಮುದ್ದೆ ಹಾಕಿದರು. ಹಸಿವಿರಲಿಲ್ಲ. ಸಾಕು ಅನ್ನೋಣ ಅಂತ ತಲೆ ಎತ್ತಿದೆ, ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದನ್ನೂ ಉಂಡೆ.